ಮಹಾಲಾಳ ಅಜ್ಜಿ ಯಾರ ಮಗಳು

ಜ್ಯೂಬಲ್ ಡಟನ್‌ನ ಹೆಣವನ್ನು ಹೇಸರಗತ್ತೆಯ ಬೆನ್ನಿಗೆ ಅಡ್ಡ ಹಾಕಿ ತಂದಾಗ ಅವನ ಅತ್ತಿಗೆ ಮಹಾಲಾ ಹೊಸ್ತಿಲ ಮೇಲೆ ಕೂತು ಕೂಸಿಗೆ ಮೊಲೆ ಕೊಡುತ್ತಿದ್ದಳು. ಮೊದಲು ಕಂಡದ್ದು ಬೂಟುಗಳು. ಆ ಬೂಟಿಗೆ ಅವನು ಬೆಳಿಗ್ಗೆಯಷ್ಟೇ ಹಂದಿಕೊಬ್ಬು ತಿಕ್ಕಿ ಹೊಳಪು ಕೊಟ್ಟು, ಹೆಣ್ಣು ನೋಡಲು ಹೋಗುತ್ತೇನೆಂದು ಮಧ್ಯಾಹ್ನ ಸಿಳ್ಳೆ ಹಾಕಿಕೊಂಡು ಹೊರಟವನು. ತೊರೆ ದಾಟುವ ಕಡೆ ಪೊದೆಯೊಳಗಿಂದ ಯಾರೋ ಹೊಡೆದಿದ್ದರು. ಗುಂಡು ಗಂಟಲಲ್ಲಿ ಹೊಕ್ಕು ಕಿವಿಯ ಹಿಂದೆ ಹೊರಬಿದ್ದಿತ್ತು. ಆಮೇಲೆ ಹತ್ತಿರ ಬಂದು ಇನ್ನೊಂದು ಹೊಡೆದಿದ್ದರು, ಮುಖಕ್ಕೆ. ತಾಯಿ ಗುರುತು ಹಿಡಿಯಬಾರದು ಎಂದು.

ತಾಯಿ ಸಬ್ರಾ ಗುರುತು ಹಿಡಿದಳು. ಅಳಲಿಲ್ಲ. "ನೀರು ಕಾಯ್ಸು" ಎಂದಳು ಸೊಸೆಗೆ. ಮಹಾಲಾ ಕೂಸನ್ನು ತೊಟ್ಟಿಲಿಗೆ ಹಾಕಿ ನೀರು ಕಾಯಿಸಿದಳು, ಮೈದುನನ ಹೆಣ ತೊಳೆದಳು. ತೊಳೆಯುವಾಗಲೂ ಅವಳ ಕಿವಿ ತೊಟ್ಟಿಲ ಕಡೆಗೇ. ಕೂಸು ಕ್ಲೆಮ್ ಕೆಮ್ಮಿದರೆ ಅವಳ ಕೈ ನಿಲ್ಲುತ್ತಿತ್ತು. ರಕ್ತದ ಕೈಯಲ್ಲಿ ಅದನ್ನು ಮುಟ್ಟುವಂತಿಲ್ಲ, ಮುಟ್ಟದೆ ಇರಲೂ ಆಗುವುದಿಲ್ಲ. ಮೊಣಕೈಯಿಂದ ತೊಟ್ಟಿಲನ್ನು ತೂಗಿದಳು.

ಕೆಂಟಕಿಯ ಆ ಬೆಟ್ಟಗಳಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ನಡೆದ ದೊಡ್ಡ ಯುದ್ಧ ಮುಗಿದು ಹದಿನೈದು ವರ್ಷವಾಗಿತ್ತು. ಡಟನ್ ಮತ್ತು ಪ್ರೂಯಿಟ್ ಮನೆತನಗಳ ಯುದ್ಧ ಅದಕ್ಕೂ ಮೊದಲೇ ಶುರುವಾದದ್ದು, ಮುಗಿದಿರಲಿಲ್ಲ. ಕರಡಿ ತೊರೆ ಡಟನ್‌ರದು, ಬೆಟ್ಟದ ಆಚೆಯ ಕಲ್ಲು ತೊರೆ ಪ್ರೂಯಿಟ್‌ರದು. ಎರಡೂ ತೊರೆ ಕೂಡುವಲ್ಲಿ ಗಿರಣಿ. ಗಿರಣಿಯವನಿಗೆ ಆ ದೊಡ್ಡ ಯುದ್ಧದಲ್ಲಿ ಬಲಗೈ ಹೋಗಿತ್ತು, ಹಾಗಾಗಿ ಇಬ್ಬರ ಜೋಳವನ್ನೂ ಬೀಸಿ ಜೀವ ಉಳಿಸಿಕೊಂಡಿದ್ದ. ಬಂದೂಕು ಹಿಡಿಯಲಾಗದವನನ್ನು ಎರಡು ಕಡೆಯವರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೆಂಗಸರು, ದಾಯಿಯರು, ಗಿರಣಿಯವನು ಎಲ್ಲ ಒಂದೇ ಗುಂಪು.

ಮಹಾಲಾ ಈ ತೊರೆಯವಳಲ್ಲ. ಘಟ್ಟದಾಚೆಯ ವರ್ಜೀನಿಯ ಕಡೆಯವಳು. ಅಪ್ಪ ಅಮ್ಮ ಒಂದೇ ವಾರದಲ್ಲಿ ರಕ್ತಭೇದಿಯಿಂದ ಹೋದಾಗ ಅವಳಿಗೆ ಬುದ್ಧಿ ಬಂದಿತ್ತಷ್ಟೆ, ತಮ್ಮ ವೈಲಿಗೆ ಅದೂ ಇಲ್ಲ. ಇಬ್ಬರನ್ನೂ ಅಪ್ಪನ ತಾಯಿ ಸಾಕಿದಳು. ಆ ಅಜ್ಜಿಯ ಹೆಸರೂ ಮಹಾಲಾ. ತವರು ಯಾವುದು ಎಂದು ಕೇಳಿದರೆ ಮುದುಕಿ ಕೈಯಲ್ಲಿದ್ದುದರಿಂದಲೇ ಬಾರಿಸುತ್ತಿದ್ದಳು. ಒಮ್ಮೆ ಬಿಸಿ ಸೌಟು ತಗುಲಿದ ಕಲೆ ವೈಲಿಯ ಭುಜದಲ್ಲಿ ಉಳಿದಿತ್ತು. ಅಜ್ಜಿ ಸತ್ತ ಮೇಲೆ ದನ ಮಾರಲು ಬಂದಿದ್ದ ಹೈರಮ್ ಡಟನ್ ಮಹಾಲಾಳನ್ನು ಮದುವೆಯಾಗಿ ಕರೆತಂದ. ತಮ್ಮನನ್ನು ಬಿಟ್ಟು ಬರಲೊಲ್ಲೆ ಎಂದಳು. ಅವನೂ ಬಂದ.

ಜ್ಯೂಬಲ್‌ನನ್ನು ಗುಡ್ಡದ ಮೇಲೆ ಹೂಳಿ, ಗಂಡಸರು ಇನ್ನೂ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಲೈಜ್ ಡಟನ್ ಮಾತು ತೆಗೆದ. ಲೈಜ್ ಅಂದರೆ ಯಜಮಾನ ಏಸಾ ಡಟನ್‌ನ ತಮ್ಮ, ಮಹಾಲಾಳಿಗೆ ಚಿಕ್ಕಮಾವ.

"ಹುಡುಗ ಯಾವ ಹೊತ್ತಿಗೆ ತೊರೆ ದಾಟ್ತಾನೆ ಅಂತ ಪ್ರೂಯಿಟ್‌ಗಳಿಗೆ ಕನಸು ಬಿತ್ತಾ? ಮನೆಯವರಿಗೆ ಬಿಟ್ರೆ ಯಾರಿಗೆ ಗೊತ್ತಿತ್ತು?" ಎಂದ. "ಆವತ್ತು ಬೆಳಿಗ್ಗೆ ಗಿರಣಿಗೆ ಹೋಗಿದ್ದು ಯಾರು?"

ಎಲ್ಲರೂ ವೈಲಿಯ ಕಡೆ ತಿರುಗಿದರು. ಹದಿನೆಂಟರ ಹುಡುಗ, ಗೋರಿಗೆ ಮಣ್ಣೆಳೆದು ಬೆವರಿದ್ದ. ಸಲಿಕೆ ಕೈಯಲ್ಲೇ ಇತ್ತು.

"ನಾನೇ ಹೋಗಿದ್ದೆ. ಜೋಳ ಬೀಸಿಸೋಕೆ ಅತ್ತೆ ಕಳಿಸಿದ್ರು" ಎಂದ.

"ನಿಮ್ಮಜ್ಜಿ ಹೆಸರು ಮಹಾಲಾ ಅಲ್ವೇನೋ?" ಎಂದ ಲೈಜ್. "ಮುದುಕ ಐಸಮ್ ಪ್ರೂಯಿಟ್‌ಗೂ ಮಹಾಲಾ ಅನ್ನೋ ಮಗಳಿದ್ಲು. ಹುಡುಗಿ ಇದ್ದಾಗಲೇ ಘಟ್ಟ ಹತ್ತಿ ಓಡಿಹೋದ್ಲಂತೆ. ನಮ್ಮಮ್ಮ ಹೇಳ್ತಿದ್ದದ್ದು ನನ್ನ ಕಿವೀಲಿ ಇನ್ನೂ ಇದೆ."

ಸಲಿಕೆಯನ್ನು ಕಿತ್ತುಕೊಂಡು ಅದರ ಹಿಡಿಯಿಂದಲೇ ವೈಲಿಯ ಮುಖಕ್ಕೆ ಹೊಡೆದರು. ಬಿದ್ದವನನ್ನು ಹೈರಮ್‌ನ ಇಬ್ಬರು ಸೋದರಸಂಬಂಧಿಗಳು ಒದ್ದರು, ಪಕ್ಕೆಲುಬು ಮುರಿದ ಸದ್ದು ಬೇಲಿಯ ಬಳಿ ನಿಂತಿದ್ದ ಹೆಂಗಸರಿಗೂ ಕೇಳಿಸಿತು. ಮಹಾಲಾ ಕೂಸನ್ನು ಯಾರ ಕೈಗೋ ತುರುಕಿ ಓಡಿದಳು. ಯಾರ ಕೈಗೆ ಕೊಟ್ಟೆ ಎಂಬುದು ಅರ್ಧ ದಾರಿಯಲ್ಲಿ ನೆನಪಾಗದೆ ತಿರುಗಿ ನೋಡಿದಳು. ಅಷ್ಟರಲ್ಲಿ ಗಂಡ ಹೈರಮ್ ಅವಳ ಸೊಂಟ ಹಿಡಿದು ನಿಲ್ಲಿಸಿದ. "ಬೇಡ. ನಿನಗೂ ಬೀಳುತ್ತೆ" ಎಂದ ಮೆಲ್ಲಗೆ.

ಏಸಾ ಕೋಲೆತ್ತಿದ. ಒದೆಯುವುದು ನಿಂತಿತು. ಅವನು ಪ್ರತಿ ಭಾನುವಾರ ಪ್ರಾರ್ಥನೆಗೆ ಮುಂದೆ ಕೂರುವವನು, ತಾನು ನ್ಯಾಯಸ್ಥ ಎಂಬ ನಂಬಿಕೆಯವನು.

"ಬರೀ ಬಾಯಿಮಾತಿಗೆ ನಾನು ಯಾರನ್ನೂ ನೇಣು ಹಾಕಲ್ಲ" ಎಂದ. "ಪ್ರೂಯಿಟ್ ರಕ್ತ ಅಂತಾದ್ರೆ ಸುದ್ದಿ ಒಯ್ದವನು ಇವನೇ, ರಕ್ತ ರಕ್ತವನ್ನ ಕರೆಯುತ್ತೆ. ಅಲ್ಲ ಅಂತಾದ್ರೆ ಬಿಡ್ತೀನಿ. ಇವನ ಅಜ್ಜಿ ಯಾರ ಮಗಳು? ಯಾರಾದ್ರೂ ತಿಳಿದು ಹೇಳಿ. ಭಾನುವಾರದ ಪ್ರಾರ್ಥನೆ ಆಗೋ ತನಕ ಕಾಯ್ತೀನಿ."

"ನಾನು ತಿಳ್ಕೊಂಡು ಬರ್ತೀನಿ ಮಾವ" ಎಂದಳು ಮಹಾಲಾ.

ಸಬ್ರಾ ನಕ್ಕಳು. ಮಗನ ಗೋರಿಯ ಪಕ್ಕ ನಿಂತು ನಗುವ ಹೆಂಗಸನ್ನು ಮಹಾಲಾ ಅದೇ ಮೊದಲು ನೋಡಿದ್ದು. "ತನ್ನ ಬೇರು ಎಲ್ಲಿದೆ ಅಂತ ಗೊತ್ತಿಲ್ಲದವಳು ನನ್ನ ಮೊಮ್ಮಗನಿಗೆ ಹಾಲು ಕುಡಿಸ್ತಿದ್ದಾಳೆ ನೋಡಿ" ಎಂದಳು.

ವೈಲಿಯನ್ನು ಮಾಂಸಕ್ಕೆ ಹೊಗೆ ಹಾಕುವ ಕೋಣೆಯಲ್ಲಿ ಕಟ್ಟಿಹಾಕಿದರು, ಮೇಲಿಂದ ಹಂದಿಯ ತೊಡೆಗಳು ತೂಗುವ ಕಡೆ. ಮಹಾಲಾ ಮಜ್ಜಿಗೆಯಲ್ಲಿ ರೊಟ್ಟಿ ಕಿವುಚಿ ಒಯ್ದು ತಿನ್ನಿಸಿದಳು. ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು.

"ಅಕ್ಕ, ನಾನು ಹೇಳಿದ್ದು ನಿಜ" ಎಂದ.

ಅವಳ ಕೈಯಲ್ಲಿದ್ದ ತುತ್ತು ನಿಂತಿತು. "ಏನು ಹೇಳಿದೆ?"

"ಗಿರಣೀಲಿ ತಮಾಷೆಗೆ ಅಂದೆ. ಜ್ಯೂಬಲ್ ಬೂಟಿಗೆ ಪಾಲಿಶ್ ಹಾಕ್ತಿದ್ದಾನೆ, ಮಧ್ಯಾಹ್ನ ಹುಡುಗಿ ಮನೆಗೆ ಹೊರಟಿದ್ದಾನೆ ಅಂತ. ಎಲ್ಲ ನಕ್ರು. ಅಲ್ಲಿ ಪ್ರೂಯಿಟ್‌ಗಳೂ ಇದ್ರೇನೋ, ನಾನು ಮುಖ ನೋಡ್ಲಿಲ್ಲ."

ಅವಳು ಅವನ ಬಾಯಿಗೆ ತುತ್ತು ತುರುಕಿದಳು, ಇನ್ನೊಂದು ಮಾತು ಹೊರಬರದ ಹಾಗೆ. "ಈ ಮಾತು ನನ್ನ ಹತ್ರಾನೂ ಆಡಿಲ್ಲ ನೀನು. ತಿಳೀತಾ?"

ಮರುದಿನ ಬೆಳಕು ಹರಿಯುತ್ತಲೇ ಕ್ಲೆಮ್‌ನನ್ನು ಎದೆಗೆ ಕಟ್ಟಿಕೊಂಡು ಹೊರಟಳು. ಕೂಸಿಗೆ ಕುಡಿಸಿ ಹೊರಡಬೇಕೋ, ದಾರಿಯಲ್ಲಿ ಕುಡಿಸಬೇಕೋ, ಚಳಿಗೆ ಕೆಮ್ಮು ಹೆಚ್ಚಾದರೇನು ಗತಿ, ಮನೆಯಲ್ಲಿ ಬಿಟ್ಟರೆ ಅತ್ತೆ ಮತ್ತೆ ಕೊಡದಿದ್ದರೆ? ಬಿಡುವುದು ಸಾಧ್ಯವೇ ಇರಲಿಲ್ಲ. ಕೂಸು ಕಂಡರೆ ಪ್ರೂಯಿಟ್‌ರು ಹೊಡೆಯುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು.

ಎರಡೂ ತೊರೆಯ ಹೆರಿಗೆ ಮಾಡಿಸುವ ಟೆಂಪಾ ಅಜ್ಜಿ ಬೆಟ್ಟದ ನೆತ್ತಿಯ ಒಂಟಿ ಮನೆಯಲ್ಲಿದ್ದಳು. ಕ್ಲೆಮ್‌ನನ್ನು ಹೊರಗೆಳೆದವಳೂ ಅವಳೇ. ವಿಷಯ ಕೇಳಿ ಬಾಯೊಳಗಿನ ಹೊಗೆಸೊಪ್ಪನ್ನು ಉಗಿದಳು.

"ಐಸಮ್‌ನ ಮಗಳು ಮಹಾಲಾ ಹೌದು, ಇದ್ಲು. ಪ್ರೂಯಿಟ್‌ಗಳ ಗೋರಿಗುಡ್ಡದಲ್ಲಿ ಅವಳ ಕಲ್ಲಿದೆ" ಎಂದಳು.

"ಕಲ್ಲಿದೆಯಾ?" ಎಂದಳು ಮಹಾಲಾ. "ಇಲ್ಲೇ ಹೂಳಿದ್ದಾರಾ? ಹಾಗಾದ್ರೆ ಘಟ್ಟ ದಾಟಿದವಳು ಅವಳಲ್ಲ."

"ಕಲ್ಲು ನೋಡ್ತೀಯಾ? ಬಾ ತೋರಿಸ್ತೀನಿ. ನನ್ನ ಮುಂದೆ ನಡೀಬೇಡ, ಹಿಂದೆ ಬಾ."

ಕಲ್ಲು ತೊರೆಯ ಬದಿಗೆ ಇಳಿಯುತ್ತಿದ್ದ ಹಾಗೇ ಮೇಲಿನ ಬಂಡೆಯಿಂದ ಗುಂಡು ಹಾರಿತು. ಟೆಂಪಾಳ ಪಕ್ಕದ ಮರದ ತೊಗಟೆ ಸಿಡಿದು ಮುದುಕಿಯ ಕೆನ್ನೆ ಹರಿಯಿತು. ಕ್ಲೆಮ್ ಚೀರಿದ. ಮಹಾಲಾ ಬಗ್ಗಿ ಕೂಸಿನ ಮೇಲೆ ತನ್ನ ಮೈಯನ್ನೇ ಮುಚ್ಚಿದಳು.

"ಯಾವನೋ ಅದು?" ಟೆಂಪಾ ಕೆನ್ನೆಯ ರಕ್ತವನ್ನು ಶಾಲಿನ ತುದಿಯಲ್ಲಿ ಒತ್ತಿಕೊಂಡು ಕೂಗಿದಳು. "ನಿನ್ನ ಹೊಕ್ಕುಳು ಕತ್ತರಿಸಿದ ಕೈ ಇದು. ಇನ್ನೂ ಸ್ವಲ್ಪ ಮೇಲೆ ಕತ್ತರಿಸಬೇಕಿತ್ತು."

ಬಂಡೆಯ ಮೇಲೆ ನಗು ಕೇಳಿಸಿತು. "ನಿನ್ನ ಜೊತೆ ಇರೋಳು ಡಟನ್‌ರ ಸೊಸೆ ಅಲ್ವಾ ಅಜ್ಜಿ?"

"ಹಾಲು ಕುಡಿಸೋ ಹೆಂಗಸು. ನಿಮ್ಮ ಹೆಂಡ್ರಿಗೆ ಹೆರಿಗೆ ನೋವು ಬಂದಾಗ ನನ್ನ ಬಾಗಿಲಿಗೆ ಬರೋದು ಬೇಡ ಅಂತಿದ್ರೆ ಇನ್ನೊಂದು ಹೊಡಿ."

ಇನ್ನೊಂದು ಬರಲಿಲ್ಲ. ಮಹಾಲಾ ನಡೆಯುತ್ತಲೇ ಕೂಸಿನ ಕಾಲು, ಕೈ, ತಲೆ ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಸರಿಯಿತ್ತು. ಮತ್ತೆ ಮೊದಲಿನಿಂದ ಮುಟ್ಟಿದಳು.

ಗೋರಿಗುಡ್ಡದಲ್ಲಿ ಕಲ್ಲುಗಳು ಪಾಚಿಗಟ್ಟಿ ಅಡ್ಡಾದಿಡ್ಡಿ ವಾಲಿದ್ದವು. ಟೆಂಪಾ ಒಂದರ ಮುಂದೆ ನಿಂತಳು. ಮೊಣಕಾಲೆತ್ತರವೂ ಇಲ್ಲ. ಮೊಳೆಯಿಂದ ಕೊರೆದ ಹೆಸರು: ಮಹಾಲಾ. ಕೆಳಗೆ ಒಂದು ಹಕ್ಕಿಯ ಹಾಗಿನ ಗೀಚು. ಗೋರಿಯ ಉದ್ದ ಎರಡು ಮೊಳವಿದ್ದೀತು.

"ಮಗು" ಎಂದಳು ಮಹಾಲಾ. ಅವಳಿಗೆ ನಗು ಬಂತು. ಮಗುವಿನ ಗೋರಿ ಕಂಡು ನಗು ಬರುವುದು ಪಾಪವೆಂದು ಗೊತ್ತಿದ್ದೂ ತಡೆಯಲಾಗಲಿಲ್ಲ. "ಮಗು ಇದ್ದಾಗಲೇ ಸತ್ತಿದೆ. ಇದು ನಮ್ಮಜ್ಜಿ ಅಲ್ಲ. ವೈಲಿ ಬದುಕಿದ."

ಟೆಂಪಾ ಪಕ್ಕದ ಕಲ್ಲಿನ ಮೇಲೆ ಕೂತಳು. "ಇದು ಸತ್ತು ಮರುವರ್ಷ ಇನ್ನೊಂದು ಹೆಣ್ಣು ಹುಟ್ತು" ಎಂದಳು. "ನಮ್ಮಮ್ಮ ಹೆರಿಗೆ ಮಾಡಿಸಿದ್ಲು. ನೀರು ಹೊತ್ತು ಕೊಟ್ಟವಳು ನಾನು. ಅದಕ್ಕೂ ಇದೇ ಹೆಸರಿಟ್ರು. ಸತ್ತ ಕೂಸಿನ ಹೆಸರು ಬೀಳು ಬಿಡಬಾರದು ಅಂತ ಎಲ್ರೂ ಮಾಡೋದು ಅದೇ ತಾನೆ."

ಈ ಬೆಟ್ಟಗಳಲ್ಲಿ ಅರ್ಧ ಮನೆಗಳಲ್ಲಿ ಒಂದೇ ಹೆಸರಿನ ಎರಡು ಮಕ್ಕಳಿದ್ದವು, ಒಂದು ಮಣ್ಣಿನೊಳಗೆ, ಒಂದು ಮೇಲೆ. ಮಹಾಲಾಳಿಗೆ ಅದು ಹೊಳೆಯಬೇಕಿತ್ತು. ಬೇಕಾದದ್ದಷ್ಟೇ ಕಂಡಿತ್ತು.

"ಆ ಎರಡನೇ ಮಹಾಲಾ ನಿನ್ನ ಅಜ್ಜಿ ಇರಬೇಕು" ಎಂದಳು ಟೆಂಪಾ. "ಡಟನ್‌ರ ಹುಡುಗನ ಜೊತೆ ಓಡಾಡ್ತಿದ್ಲು. ಆಗಿನ್ನೂ ಎರಡು ಮನೆಗೂ ಮಾತುಕತೆ ಇತ್ತು. ಬಸುರಿ ಅಂತ ಗೊತ್ತಾದಾಗ ಅವಳ ಅಣ್ಣಂದಿರು ಅವನನ್ನ ತೊರೆಗೆ ಎಳ್ಕೊಂಡು ಹೋಗಿ ಹಲಗೆ ಸೀಳೋ ಕತ್ತಿಯಿಂದ ಕಡಿದ್ರು. ಅವಳನ್ನ ದಡದಲ್ಲಿ ಕೂದಲು ಹಿಡಿದು ಕೂರಿಸಿ ನೋಡಿಸಿದ್ರು. ಮೂರು ತಿಂಗಳ ಬಸುರಿ. ಆಮೇಲೆ ಘಟ್ಟ ಹತ್ತಿದ್ಲು. ಜಗಳ ಶುರುವಾಗಿದ್ದು ಅಲ್ಲಿಂದಲೇ."

"ಏಸಾ ಮಾವನ ಅಣ್ಣ" ಎಂದಳು ಮಹಾಲಾ. ಅವನ ವಿಷಯ ಅವಳಿಗೆ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ಸೇಡು ತೀರುವವರೆಗೆ ಆ ಹೆಸರು ಎತ್ತಕೂಡದೆಂದು ಏಸಾನ ತಾಯಿ ಆಣೆ ಇಟ್ಟು ಸತ್ತಿದ್ದಳು. ಯಾವ ಹುಡುಗಿಯ ದೆಸೆಯಿಂದ ಅವನು ಹೋದ ಎಂಬುದನ್ನೂ ಮಕ್ಕಳಿಗೆ ಬಿಟ್ಟುಕೊಟ್ಟಿರಲಿಲ್ಲ. ಆ ಮನೆಯಲ್ಲಿ ಅವನನ್ನು 'ತೊರೆಯಲ್ಲಿ ಹೋದವನು' ಎನ್ನುತ್ತಿದ್ದರು.

"ರಾನ್ಸಮ್. ಅವನ ಹೆಸರು ರಾನ್ಸಮ್ ಡಟನ್."

ಮಹಾಲಾ ನೆಲದ ಮೇಲೆ ಕೂತಳು. ಕ್ಲೆಮ್ ಹಾಲಿಗಾಗಿ ತಡಕಾಡಿದ. ಅವಳ ಅಪ್ಪನ ಹೆಸರು ರಾನ್ಸಮ್ ಟ್ಯಾಕೆಟ್. ಟ್ಯಾಕೆಟ್ ಎನ್ನುವುದು ಅಜ್ಜಿ ಆಮೇಲೆ ಮದುವೆಯಾದ ಮುದುಕನ ಮನೆತನ. ರಾನ್ಸಮ್ ಎನ್ನುವುದು ಅಜ್ಜಿ ತಾನೇ ಇಟ್ಟದ್ದು.

ಹಿಂತಿರುಗುವಾಗ ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ನಿಜ ಹೇಳಿದರೆ ಪ್ರೂಯಿಟ್ ರಕ್ತವೆಂದು ಮೊದಲು ಒಪ್ಪಬೇಕು. ಆ ಮಾತು ಮುಗಿಯುವ ಮೊದಲೇ ಲೈಜ್ ಬಂದೂಕೆತ್ತಿದರೆ? "ಅಜ್ಜಿ, ಚಿಕ್ಕ ಕಲ್ಲಿನ ವಿಷಯ ಮಾತ್ರ ಹೇಳೋಣ" ಎಂದಳು.

"ನಾನು ಸುಳ್ಳು ಹೇಳಲ್ಲ. ಬೇಕಾದ್ರೆ ಸುಮ್ಮನಿರ್ತೀನಿ. ಹೇಳೋದೆಲ್ಲ ನೀನೇ ಹೇಳು" ಎಂದಳು ಟೆಂಪಾ.

ಭಾನುವಾರ ಪ್ರಾರ್ಥನೆ ಮುಗಿಸಿ ಡಟನ್‌ರು ಅಂಗಳದಲ್ಲಿ ಸೇರಿದ್ದರು. ವೈಲಿಯನ್ನು ವಾಲ್‌ನಟ್ ಮರದ ಕೆಳಗೆ ನಿಲ್ಲಿಸಿದ್ದರು, ಹಗ್ಗ ಆಗಲೇ ಕೊಂಬೆಗೆ ಹಾಕಿಯಾಗಿತ್ತು. ಲೈಜ್ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಹೇಳಮ್ಮ" ಎಂದ ಏಸಾ.

"ಐಸಮ್ ಪ್ರೂಯಿಟ್‌ನ ಮಗಳು ಮಹಾಲಾ ಮಗು ಇದ್ದಾಗಲೇ ಸತ್ತಳು ಮಾವ. ಗೋರಿ ಕಣ್ಣಾರೆ ನೋಡಿದೆ. ಹೆಸರು ಕೊರೆದಿದೆ. ಟೆಂಪಾ ಅಜ್ಜಿ ಜೊತೇಲೇ ಇದ್ರು."

"ಹೌದಾ ಟೆಂಪಾ?"

"ಗೋರಿ ಇದೆ" ಎಂದಳು ಟೆಂಪಾ. ಬೇರೇನೂ ಸೇರಿಸಲಿಲ್ಲ.

ಏಸಾ ತಲೆಯಾಡಿಸಿದ. ಯಾರೋ ಕೆಮ್ಮಿದರು. ಒಬ್ಬ ಹಗ್ಗ ಇಳಿಸಲು ಮರದ ಕಡೆ ಹೊರಟ. ಆಗ ಸಬ್ರಾ, ಬೀನ್ಸ್ ಸೋಸುತ್ತಿದ್ದ ಮರಿಗೆಯಿಂದ ತಲೆಯೆತ್ತದೆ, "ನಾನೂ ಇಬ್ಬರು ಹೈರಮ್‌ರನ್ನ ಹೆತ್ತೆ" ಎಂದಳು.

ಹೈರಮ್ ನೆಲ ನೋಡಿದ. ಅವನಿಗಿಂತ ಮೊದಲಿನ ಹೈರಮ್ ಗುಡ್ಡದ ಮೇಲೆ ಇಷ್ಟುದ್ದದ ಗುಂಡಿಯಲ್ಲಿ ಮಲಗಿದ್ದ.

"ಇನ್ನೊಬ್ಬಳು ಹುಟ್ಟಲಿಲ್ಲ ಅಂತ ಹೇಳಲಿ ನೋಡೋಣ. ದಾಯಿ ಹೇಳಲಿ" ಎಂದಳು ಸಬ್ರಾ.

ಟೆಂಪಾ ಬಾಯಿ ಬಿಡಲಿಲ್ಲ. ಲೈಜ್ ಎದ್ದ. ಬಂದೂಕಿನ ಕುದುರೆ ಎಳೆದ ಸದ್ದಾಯಿತು. ವೈಲಿ ಮುಚ್ಚದ ಒಂದೇ ಕಣ್ಣಿನಿಂದ ಅಕ್ಕನನ್ನು ನೋಡುತ್ತಿದ್ದ. ಮಹಾಲಾ ಬಂದೂಕಿನ ಬಾಯಿಗೂ ಅವನಿಗೂ ನಡುವೆ ಹೋಗಿ ನಿಂತಳು, ಕೂಸು ಎದೆಯಲ್ಲೇ ಇತ್ತು. ಆಮೇಲೆ ಅದು ನೆನಪಾಗಿ ಬೆನ್ನು ತಿರುಗಿಸಿ ನಿಂತಳು.

"ನಮ್ಮಪ್ಪನ ಹೆಸರು ರಾನ್ಸಮ್" ಎಂದಳು.

ಲೈಜ್ ಮುಂದೆ ಬರುತ್ತಲೇ ಇದ್ದ. ನಿಂತವನು ಏಸಾ. ಐವತ್ತು ವರ್ಷದಿಂದ ಆ ಅಂಗಳದಲ್ಲಿ ಯಾರೂ ಆಡದ ಹೆಸರು.

"ಎಲ್ಲಿ ಕೇಳಿದೆ ಆ ಹೆಸರು?"

"ಹುಟ್ಟಿದಾಗಿನಿಂದ ಕೇಳ್ತಿದ್ದೀನಿ. ನಮ್ಮಜ್ಜಿ ಮೂರು ತಿಂಗಳ ಬಸುರಿ ಘಟ್ಟ ಹತ್ತಿದ್ಲು. ಹುಟ್ಟಿದ ಮಗನಿಗೆ ಅವನ ಅಪ್ಪನ ಹೆಸರಿಟ್ಲು. ನಾವು ಪ್ರೂಯಿಟ್‌ಗಳೂ ಹೌದು ಮಾವ. ಆದ್ರೆ ತೊರೆಯಲ್ಲಿ ಹೋದವನ ಮೊಮ್ಮಕ್ಕಳು."

ಏಸಾ ಟೆಂಪಾಳ ಕಡೆ ನೋಡಿದ. "ನಿಜ" ಎಂದಳು ಅವಳು. "ಆವತ್ತು ದಡದಲ್ಲಿ ನಾನಿದ್ದೆ."

ಏಸಾ ನಿಧಾನಕ್ಕೆ ಬಂದು ತಮ್ಮನ ಬಂದೂಕಿನ ಕೊಳವೆಯನ್ನು ಕೆಳಗೆ ಒತ್ತಿದ. ವೈಲಿಯ ಕಟ್ಟು ಬಿಚ್ಚಿದ. ಹುಡುಗನ ಊದಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಏನನ್ನೋ ಹುಡುಕುವವನಂತೆ ನೋಡಿದ. ಮಹಾಲಾ ಕ್ಲೆಮ್‌ನ ನೆತ್ತಿಗೆ ಬಾಯಿ ಒತ್ತಿ ನಿಂತಳು. ತಮ್ಮ ಉಳಿದ.

ಏಸಾ ಒಳಗೆ ಹೋಗಿ ಜ್ಯೂಬಲ್‌ನ ರೈಫಲ್ ತಂದು ವೈಲಿಯ ಕೈಗಿಟ್ಟ.

"ನಮ್ಮಣ್ಣನಿಗೆ ಗಂಡುಸಂತಾನ ಇಲ್ಲ ಅಂತ ಇಷ್ಟು ವರ್ಷ ಸೇಡು ನಾವು ಹೊತ್ವಿ. ಅವನ ಮಗನ ಮಗ ನೀನು. ಇನ್ಮೇಲೆ ಇದು ನಿನ್ನದು. ನಾಳೆ ಬೆಳಿಗ್ಗೆ ಲೈಜ್ ಜೊತೆ ಹೋಗು. ಮೊದಲ ಗುಂಡು ನಿನ್ನದಾಗಬೇಕು."

ವೈಲಿ ಬಂದೂಕನ್ನು ನೋಡಿದ. ಪಕ್ಕೆ ಮುರಿದವನು, ನೆಟ್ಟಗೆ ನಿಂತ. ಮೊನ್ನೆ ಒದ್ದವರು ಇಂದು ಬೆನ್ನು ತಟ್ಟಿದರು, ಲೈಜ್ ತಾನೇ ಸಾರಾಯಿ ಬುರುಡೆ ಕೊಟ್ಟ. "ಡಟನ್ ಕಣೋ ನೀನು. ಹೊಡೆಸಿಕೊಂಡ್ರೂ ಅಳಲಿಲ್ಲ, ಆಗಲೇ ನನಗೆ ಅನುಮಾನ ಇತ್ತು" ಎಂದ. ಎಲ್ಲರೂ ನಕ್ಕರು. ವೈಲಿಯೂ ನಕ್ಕ, ಒಡೆದ ತುಟಿಯಿಂದ ರಕ್ತ ಇಳಿಯಿತು. ಅವನು ಹಾಗೆ ನಕ್ಕದ್ದನ್ನು ಮಹಾಲಾ ನೋಡಿರಲೇ ಇಲ್ಲ.

"ಹೋಗ್ಬೇಡ" ಎಂದಳು ಆಮೇಲೆ, ಇಬ್ಬರೇ ಆದಾಗ.

"ಅಕ್ಕ, ಇಲ್ಲಿ ತನಕ ನಾನು ನಿನ್ನ ಸೆರಗಿನ ಹಿಂದೆ ಬಂದವನು. ಇವತ್ತು ನನಗೆ ಒಂದು ಮನೆ ಇದೆ."

"ಅಲ್ಲಿರೋರೂ ನಮ್ಮಜ್ಜಿಯ ಅಣ್ಣಂದಿರ ಮಕ್ಕಳೇ."

"ನಮ್ಮಜ್ಜನನ್ನ ಕಡಿದೋರು" ಎಂದ ಅವನು. ಈ ಅಜ್ಜನನ್ನು ಹುಡುಕಿ ತಂದು ಅವನ ಕೈಗಿತ್ತವಳು ಅವಳೇ.

ಬೆಳಿಗ್ಗೆ ಲೈಜ್ ಕುದುರೆಗಳಿಗೆ ಜೀನು ಬಿಗಿಯುತ್ತಿದ್ದ. ಮಹಾಲಾ ಒಲೆಗೆ ಸೌದೆ ಇಲ್ಲವೆಂದಳು. "ಹೋಗೋ ಮುಂಚೆ ಈ ತುಂಡು ಹಿಡ್ಕೊ, ನಾನು ಸೀಳ್ತೀನಿ. ನಿನ್ನ ಪಕ್ಕೆ ನೋವಲ್ಲಿ ಕೊಡಲಿ ಎತ್ತಬೇಡ" ಎಂದಳು. ವೈಲಿ ಕುಕ್ಕರಗಾಲಲ್ಲಿ ಕೂತು ಬಲಗೈಯಿಂದ ತುಂಡು ಹಿಡಿದ. ಅವಳು ಮೂರು ಸಲ ಸೌದೆಗೇ ಹೊಡೆದಳು. ಪ್ರತಿ ಸಲವೂ ಮನಸ್ಸಿನಲ್ಲಿ ತೋರುಬೆರಳೊಂದೇ ಸಾಕು ಎಂದುಕೊಂಡಳು. ನಾಲ್ಕನೆಯ ಸಲ ಕೈಗೊಡಲಿ ಅವನ ಬೆರಳ ಮೇಲೆ ಬಿತ್ತು. ಒಂದಲ್ಲ, ಮೂರು ಹೋದವು.

ಅವನು ಮೊದಲು ಕೂಗಲಿಲ್ಲ. ಬೆರಳುಗಳು ಬಿದ್ದ ಜಾಗ ನೋಡಿದ, ಅವಳ ಮುಖ ನೋಡಿದ. ಕೈ ತಪ್ಪಿದ್ದಲ್ಲವೆಂದು ಅವನಿಗೆ ಆ ಮುಖದಲ್ಲಿ ತಿಳಿಯಿತು. ಆಮೇಲೆ ಕೂಗಿದ. ಅವಳು ಅವನ ಮೇಲೆ ಬಿದ್ದು ಮೊಣಕಾಲಿನಿಂದ ಅವನ ತೋಳನ್ನು ಒತ್ತಿ, ಹರಿದ ಪಟ್ಟಿಯನ್ನು ಬಿಗಿದು, ಒಲೆಯ ಕಬ್ಬಿಣದ ಸಲಾಕೆಯಿಂದ ಸುಟ್ಟಳು. ಸಲಾಕೆಯನ್ನು ಮೊದಲೇ ಕಾಯಿಸಿಟ್ಟಿದ್ದಳು. ಅವನು ಎಡಗೈಯಿಂದ ಅವಳ ಮುಖಕ್ಕೆ ಗುದ್ದುತ್ತಲೇ ಇದ್ದ, ಅವಳ ಎರಡು ಹಲ್ಲು ಹೋದವು, ಅವಳು ಬಿಡಲಿಲ್ಲ.

ಏಸಾ ಬಾಗಿಲಲ್ಲಿ ನಿಂತಿದ್ದ. "ಅವನನ್ನ ಗಂಡಸರ ಲೆಕ್ಕದಿಂದ ತೆಗೆದೆ ನೀನು" ಎಂದ.

"ಹೌದು ಮಾವ" ಎಂದಳು, ಬಾಯಿಯ ರಕ್ತ ನುಂಗಿ.

ಮುದುಕ ಅವಳನ್ನು ಕೊಲ್ಲಿಸುತ್ತಾನೆಂದೇ ಎಲ್ಲರೂ ತಿಳಿದರು. ಅವನು ಬಿದ್ದಿದ್ದ ರೈಫಲ್ ಎತ್ತಿಕೊಂಡು, ಕುದುರೆಯ ಬಳಿ ನಿಂತಿದ್ದ ಹೈರಮ್‌ನ ಕೈಗಿಟ್ಟ. "ಜೀನು ಬಿಗಿದ ಕುದುರೆ ಖಾಲಿ ಹೋಗಬಾರದು" ಎಂದ.

ಹೈರಮ್ ಹೆಂಡತಿಯನ್ನು ನೋಡಿದ. ಸಿಟ್ಟಿನಿಂದಲ್ಲ. ಹಬ್ಬದ ದಿನ ಯಾವ ಅಂಗಿ ಹಾಕಲಿ ಎಂದು ಕೇಳುವವನಂತೆ ನೋಡಿ, ಕುದುರೆ ಹತ್ತಿದ. ಅವಳು ಇದನ್ನು ಯೋಚಿಸಿರಲಿಲ್ಲ. ತಮ್ಮನೊಬ್ಬನನ್ನೇ ಯೋಚಿಸಿದ್ದಳು. ಸಂಜೆಗೆ ಲೈಜ್ ಒಬ್ಬನೇ ಬಂದ. ಹೈರಮ್‌ನ ಹೆಣ ತರಲೂ ಪ್ರೂಯಿಟ್‌ರು ಬಿಡಲಿಲ್ಲ. ಟೆಂಪಾ ಮಾರನೆಯ ದಿನ ಎತ್ತಿನ ಗಾಡಿಯಲ್ಲಿ ತಂದಳು. ಸಬ್ರಾ ಈ ಸಲವೂ "ನೀರು ಕಾಯ್ಸು" ಎಂದಳು. ಅತ್ತೆ ಸೊಸೆ ಇಬ್ಬರೂ ಸೇರಿ ತೊಳೆದರು. ಸೊಸೆಯನ್ನು ಹೊರಗೆ ಹಾಕುವ ಮಾತು ಸಬ್ರಾ ಎತ್ತಲಿಲ್ಲ. ಮೊಮ್ಮಗ ಆ ಮನೆಯವನು, ಅವನಿಗೆ ಹಾಲು ಬೇಕಿತ್ತು.

ವೈಲಿ ಗಿರಣಿಗೆ ಸೇರಿದ. ಒಂಟಿಗೈಯವನೂ ಅರೆಗೈಯವನೂ ಸೇರಿ ಒಬ್ಬ ಗಂಡಸಾದರೆಂದು ಎರಡೂ ತೊರೆಯವರು ನಗೆಯಾಡುತ್ತಿದ್ದರು. ಯಾರೂ ಅವನ ಮೇಲೆ ಗುಂಡು ಹಾರಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಲೈಜ್ ಸತ್ತ, ಅವನ ಇಬ್ಬರು ಮಕ್ಕಳು ಸತ್ತರು, ಪ್ರೂಯಿಟ್‌ರಲ್ಲಿ ಎಷ್ಟೋ ಮಂದಿ. ಮಹಾಲಾ ಜೋಳ ಹೊತ್ತು ಗಿರಣಿಗೆ ಹೋದರೆ ವೈಲಿ ಹಿಟ್ಟಿನ ಚೀಲವನ್ನು ಅವಳ ಕಾಲ ಬಳಿ ಇಟ್ಟು ಒಳಗೆ ಹೋಗುತ್ತಿದ್ದ. ಮಾತಿಲ್ಲ. ಅವಳು ಅವನ ಬೆನ್ನನ್ನು ನೋಡುತ್ತ ನಿಲ್ಲುತ್ತಿದ್ದಳು. ಮೈ ಇಳಿದಿದೆಯೇ, ಕೆಮ್ಮುತ್ತಿದ್ದಾನೆಯೇ ಎಂದು ನೋಡುವುದು. ಅಷ್ಟು ಕಂಡರೆ ಮನೆಗೆ ನಡೆಯುವುದು.

ಕ್ಲೆಮ್‌ಗೆ ಹದಿನೈದು ತುಂಬಿದಾಗ, ಹಾಸಿಗೆ ಹಿಡಿದಿದ್ದ ಏಸಾ ಅವನನ್ನು ಕರೆಸಿ ಆ ರೈಫಲ್ ಕೊಟ್ಟ. ಆ ವಾರ ವೈಲಿ ಗಿರಣಿಯ ಗಾಡಿ ಹೊಡೆದುಕೊಂಡು ಅಕ್ಕನ ಅಂಗಳಕ್ಕೆ ಬಂದ. ಇಳಿಯದೆ ಕೂತೇ ಕೇಳಿದ.

"ಇವನ ಬೆರಳು ಯಾವಾಗ ಅಕ್ಕ?"

ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಬಂದ ಮಾತು. ಅವಳು ಒಗೆಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ವೈಲಿ. ಗಾಡಿ ಕೊಡು."

"ಎಲ್ಲಿಗೆ?"

"ಓಹಿಯೊ ನದಿ ಆಚೆ. ಅಲ್ಲಿ ಇಟ್ಟಿಗೆ ಗೂಡುಗಳಿವೆಯಂತೆ, ಹೆಂಗಸರಿಗೂ ಕೆಲಸ ಕೊಡ್ತಾರಂತೆ. ಅಜ್ಜ ಯಾರು ಅಂತ ಯಾರೂ ಕೇಳಲ್ವಂತೆ."

"ಅವನು ಬರ್ತಾನಾ?"

"ಬರಲ್ಲ."

ವೈಲಿ ಗಾಡಿಯಿಂದ ಇಳಿದ. ಕ್ಲೆಮ್ ಕೊಟ್ಟಿಗೆಯ ಹಿಂದೆ ಬಂದೂಕಿಗೆ ಎಣ್ಣೆ ಹಾಕುತ್ತಿದ್ದ. ಅಲ್ಲಿಂದ ಬೈಗುಳ ಕೇಳಿತು, ಏನೋ ಮುರಿದ ಸದ್ದು ಕೇಳಿತು, ಒಂದು ಗುಂಡು ಆಕಾಶಕ್ಕೆ ಹಾರಿತು. ಸ್ವಲ್ಪ ಹೊತ್ತಿಗೆ ವೈಲಿ ಹುಡುಗನನ್ನು ಎಡಗೈಯಲ್ಲಿ ಕೊರಳಪಟ್ಟಿ ಹಿಡಿದು ಎಳೆದುತಂದ. ಹುಡುಗನ ಮೂಗು ಒಡೆದಿತ್ತು, ವೈಲಿಯ ಕಿವಿ ಕಚ್ಚಿ ಹರಿದಿತ್ತು. ಮೂರೂ ಜನ ಒದ್ದಾಡಿ, ಕೊನೆಗೆ ಅಕ್ಕ ತಮ್ಮ ಅವನ ಕೈಕಾಲು ಕಟ್ಟಿ ಹಿಟ್ಟಿನ ಚೀಲಗಳ ನಡುವೆ ಮಲಗಿಸಿದರು.

"ನೀನೂ ಬಾ" ಎಂದಳು ಅವಳು.

"ಗಿರಣಿ ನಿಂತ್ರೆ ಎರಡು ಕಡೆಯೋರೂ ಹಸ್ಕೊಂಡು ಸಾಯ್ತಾರೆ" ಎಂದ ವೈಲಿ. "ಅದಕ್ಕಿಂತ ಗುಂಡಿಗೆ ಸಾಯ್ಲಿ." ನದಿಯವರೆಗೆ ಮಾತ್ರ ಗಾಡಿ ಹೊಡೆದ.

ಕ್ಲೆಮ್ ದಾರಿಯುದ್ದಕ್ಕೂ ತಾಯಿಯನ್ನು ಬೈಯುತ್ತಲೇ ಇದ್ದ. ಪ್ರೂಯಿಟ್ ಸೂಳೆ ಎಂದ. ಅಪ್ಪನನ್ನು ಕೊಂದವಳು ಎಂದ. ಅವಳು ಯಾವುದನ್ನೂ ಅಲ್ಲವೆನ್ನಲಿಲ್ಲ. ಅವನ ಪಕ್ಕ ಕೂತು, ಹಗ್ಗ ತೀರ ಬಿಗಿಯಾಗಿ ರಕ್ತ ನಿಂತಿದೆಯೋ ಏನೋ ಎಂದು, ಅವನ ಬೆರಳುಗಳನ್ನು ಒಂದೊಂದಾಗಿ ಒತ್ತಿ, ಬಣ್ಣ ತಿರುಗುತ್ತದೆಯೇ ಎಂದು ನೋಡುತ್ತಿದ್ದಳು.